ತಳದಲ್ಲಿರುವ ಇಸವಿ ವಸ್ತುವಿನ ವಯಸ್ಸಲ್ಲ: ಗ್ಯಾರೇಜ್ ಸೇಲ್‌ಗಳಲ್ಲಿ ಹಳೆಯ ಕಾರ್ಟೂನ್ ವಸ್ತುಗಳನ್ನು ಗುರುತಿಸುವ ಬಗೆ

ಪ್ರಶ್ನೆ: ನಾವು ಒಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಹೊರವಲಯದಲ್ಲಿ ವಾಸವಾಗಿದ್ದೇವೆ. ಮಗಳಿಗೆ ಹಳೆಯ ಕಾರ್ಟೂನ್ ಪಾತ್ರಗಳೆಂದರೆ ಪ್ರಾಣ. ಇತ್ತೀಚೆಗೆ, ಮನೆಯವರು ತಮ್ಮ ಹಳೆಯ ಸಾಮಾನನ್ನು ಮನೆಯಲ್ಲೇ ಮಾರುವ ಒಂದು ಗ್ಯಾರೇಜ್ ಸೇಲ್‌ನಲ್ಲಿ ಗಾರ್ಫೀಲ್ಡ್ ಬೆಕ್ಕಿನ ಚಿತ್ರವಿರುವ ಪಾರದರ್ಶಕ ಗಾಜಿನ ಮಗ್ ಒಂದನ್ನು 2 ಡಾಲರಿಗೆ ಕೊಂಡೆವು. ಅದರ ಮೇಲೆ 1978 ಎಂದು ಅಚ್ಚಾಗಿದೆ. ಅದು ನಿಜಕ್ಕೂ ಅಷ್ಟು ಹಳೆಯದೇ? ಇಂಥ ವಸ್ತುಗಳನ್ನು ಗ್ಯಾರೇಜ್ ಸೇಲ್‌ಗಳಲ್ಲಿ ಮತ್ತು ದಾನವಾಗಿ ಬಂದ ಹಳೆಯ ಸಾಮಾನು ಮಾರುವ ಥ್ರಿಫ್ಟ್ ಸ್ಟೋರ್‌ಗಳಲ್ಲಿ ಹುಡುಕುವುದು ಹೇಗೆ, ಅಸಲಿಯನ್ನು ಗುರುತಿಸುವುದು ಹೇಗೆ? ಮಗಳು ಆ ಮಗ್‌ನಲ್ಲಿ ಹಾಲು ಕುಡಿಯಬಹುದೇ? ಮುಂದಿನ ರಜೆಯಲ್ಲಿ ಒಂದೆರಡನ್ನು ಮೈಸೂರಿನಲ್ಲಿರುವ ತಂಗಿಯ ಮಕ್ಕಳಿಗೆ ಒಯ್ಯುವ ಆಸೆಯೂ ಇದೆ.

ಉತ್ತರ: ನಿಮ್ಮ ಮಗ್ 1978ರದಲ್ಲ, ಬಹುಮಟ್ಟಿಗೆ 1987ರದು. ಜಿಮ್ ಡೇವಿಸ್ ಅವರ ಗಾರ್ಫೀಲ್ಡ್ ಚಿತ್ರಪಟ್ಟಿ ಅಮೆರಿಕದ ಪತ್ರಿಕೆಗಳಲ್ಲಿ ಆರಂಭವಾದದ್ದು 1978ರ ಜೂನ್ 19ರಂದು. ಅದನ್ನು ವಿತರಿಸುತ್ತಿದ್ದ ಯುನೈಟೆಡ್ ಫೀಚರ್ ಸಿಂಡಿಕೇಟ್ ಸಂಸ್ಥೆಯು ಪಾತ್ರದ ಹಕ್ಕುಸ್ವಾಮ್ಯ ಯಾವ ವರ್ಷದಿಂದ ಇದೆಯೋ ಆ ವರ್ಷವನ್ನೇ ಮುಂದೆ ತಯಾರಾದ ವಸ್ತುಗಳ ಮೇಲೆಲ್ಲ ಅಚ್ಚು ಹಾಕಿಸುತ್ತಿತ್ತು. ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹಗಳು 1987ರಲ್ಲಿ ಲೆಕ್ಕವಿಲ್ಲದಷ್ಟು ಮಾರಿದ ಗಾರ್ಫೀಲ್ಡ್ ಗಾಜಿನ ಮಗ್‌ಗಳ ಮೇಲೂ 1978 ಎಂದೇ ಇದೆ, ಮತ್ತು ನೀವು ವರ್ಣಿಸಿರುವುದು ಅದನ್ನೇ ಹೋಲುತ್ತದೆ. ಅಮೆರಿಕದ ಯಾವುದೇ ಥ್ರಿಫ್ಟ್ ಸ್ಟೋರ್‌ನ ಮಗ್ ಸಾಲಿನಲ್ಲಿ ಇಂದಿಗೂ ಇದು ಸಿಗುವುದರಿಂದ ನೀವು ಕೊಟ್ಟ 2 ಡಾಲರ್ ನ್ಯಾಯವಾದ ಬೆಲೆಯೇ ಹೊರತು ಕಂಡಕಂಡವರಿಗೆ ದಕ್ಕದ ಅದೃಷ್ಟವಲ್ಲ. ಹಾಗೆಂದು ನಿರಾಶರಾಗಬೇಡಿ. ಈ ಹವ್ಯಾಸದಲ್ಲಿ ಕಲಿಯಬೇಕಾದ ಮೊದಲ ಮತ್ತು ಅತಿ ಮುಖ್ಯವಾದ ಪಾಠವನ್ನು ಆ ಮಗ್ ನಿಮಗೆ ಕಲಿಸಿಬಿಟ್ಟಿದೆ: ವಸ್ತುವಿನ ಮೇಲೆ ಅಚ್ಚಾದ ಇಸವಿ ಪಾತ್ರದ್ದು, ವಸ್ತುವಿನದಲ್ಲ. ವಸ್ತುವಿನ ನಿಜವಾದ ವಯಸ್ಸನ್ನು ಬೇರೆ ಗುರುತುಗಳಿಂದ ಓದಿಕೊಳ್ಳಬೇಕು.

ಈ ಗೊಂದಲ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಸ್ನೂಪಿಯ ವಿಷಯದಲ್ಲಿ. ಸ್ನೂಪಿ ಎಂಬ ನಾಯಿ ಬರುವ, ಚಾರ್ಲ್ಸ್ ಶುಲ್ಜ್ ಅವರ ಪೀನಟ್ಸ್ ಚಿತ್ರಪಟ್ಟಿ 1950ರ ಅಕ್ಟೋಬರ್ 2ರಂದು ಶುರುವಾಯಿತು. ಆದರೆ ಸ್ನೂಪಿಯ ಬೊಂಬೆ, ಲೋಟ, ಹುಂಡಿ, ಗಡಿಯಾರಗಳ ಮೇಲೆ ನಿಮಗೆ ಮತ್ತೆ ಮತ್ತೆ ಕಾಣುವುದು 1958, 1965, 1966 ಎಂಬ ಇಸವಿಗಳು. ಆಯಾ ಭಂಗಿಯ ಚಿತ್ರ ಹಕ್ಕುಸ್ವಾಮ್ಯ ಪಡೆದ ವರ್ಷಗಳವು, ವಸ್ತು ಮಾತ್ರ 1970ರ ಅಥವಾ 1980ರ ದಶಕದ್ದಾಗಿರುತ್ತದೆ. 1983ರಲ್ಲಿ ಮೆಕ್‌ಡೊನಾಲ್ಡ್ಸ್ ಮಾರಿದ ಕ್ಯಾಂಪ್ ಸ್ನೂಪಿ ಲೋಟಗಳ ಮೇಲೂ ಇಂಥ ಹಳೆಯ ಇಸವಿಗಳೇ ಇರುವುದರಿಂದ, ಅವನ್ನು 1960ರ ದಶಕದವೆಂದು ಪ್ರಾಮಾಣಿಕವಾಗಿಯೇ ನಂಬಿ ಹೆಚ್ಚು ಬೆಲೆ ಹೇಳುವ ಮಾರಾಟಗಾರರು ಎಲ್ಲೆಡೆ ಇದ್ದಾರೆ. ಜರ್ಮನಿಯ ಶ್ಲೈಖ್ ಕಂಪನಿ 1965ರಿಂದ ತಯಾರಿಸಿದ ನೀಲಿ ಸ್ಮರ್ಫ್ ಬೊಂಬೆಗಳಲ್ಲೂ ಇದೇ ಕಥೆ. ಅವುಗಳ ಮೇಲಿರುವ ಇಸವಿ ಆ ಅಚ್ಚಿನ ವಿನ್ಯಾಸದ್ದು, ಮತ್ತು ಅದೇ ಅಚ್ಚಿನಲ್ಲಿ ಎಷ್ಟೋ ವರ್ಷಗಳ ನಂತರವೂ ಬೊಂಬೆಗಳು ಹೊರಬಂದಿವೆ.

ಹಾಗಾದರೆ ಏನನ್ನು ನೋಡಬೇಕು? ಇಸವಿಯ ಪಕ್ಕದಲ್ಲಿರುವ ಹೆಸರನ್ನು ನೋಡಬೇಕು. ಡಿಸ್ನಿ ವಸ್ತುಗಳಲ್ಲಿ ಇದು ಅತ್ಯಂತ ಸ್ಪಷ್ಟ. 'ವಾಲ್ಟ್ ಡಿಸ್ನಿ ಎಂಟರ್‌ಪ್ರೈಸಸ್' ಎಂದಿದ್ದರೆ ಅದು 1930ರ ದಶಕದ್ದು, 'ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್' ಎಂದಿದ್ದರೆ ಸರಿಸುಮಾರು 1939ರಿಂದ 1980ರ ದಶಕದ ಮಧ್ಯದವರೆಗಿನದು. 1986ರಲ್ಲಿ ಸಂಸ್ಥೆಯ ಹೆಸರೇ 'ದಿ ವಾಲ್ಟ್ ಡಿಸ್ನಿ ಕಂಪನಿ' ಎಂದು ಬದಲಾಯಿತು, ಆಮೇಲಿನ ವಸ್ತುಗಳ ಮೇಲೆ ಸಾಮಾನ್ಯವಾಗಿ ಬರೀ 'ಡಿಸ್ನಿ' ಎಂದಿರುತ್ತದೆ. ಹಾಗೆಯೇ ಪೀನಟ್ಸ್ ವಸ್ತುವಿನ ಮೇಲೆ 'ಯುನೈಟೆಡ್ ಫೀಚರ್ ಸಿಂಡಿಕೇಟ್' ಬದಲಿಗೆ 'ಪೀನಟ್ಸ್ ವರ್ಲ್ಡ್‌ವೈಡ್' ಎಂದಿದ್ದರೆ, ಪಕ್ಕದಲ್ಲಿ ಎಷ್ಟೇ ಹಳೆಯ ಇಸವಿ ಇರಲಿ, ಅದು 2010ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ.

ಡಬ್ಬಿ ಅಥವಾ ರಟ್ಟಿನ ಪೆಟ್ಟಿಗೆ ಜೊತೆಗಿದ್ದರೆ ಕೆಲಸ ಇನ್ನೂ ಸುಲಭ. ತಯಾರಕರ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಅದು 1963ರ ನಂತರದ್ದು, ಏಕೆಂದರೆ ಅಮೆರಿಕದ ಅಂಚೆ ಇಲಾಖೆ ಆ ಪದ್ಧತಿಯನ್ನು ತಂದದ್ದೇ ಆ ವರ್ಷ. ಊರಿನ ಹೆಸರಾದ ಮೇಲೆ ಒಂದೋ ಎರಡೋ ಅಂಕಿಯ ವಲಯ ಸಂಖ್ಯೆ ಮಾತ್ರ ಇದ್ದರೆ 1943ರಿಂದ 1963ರ ನಡುವಿನದೆಂದು ಊಹಿಸಬಹುದು. ಬಾರ್‌ಕೋಡ್ ಪಟ್ಟಿ ಇದ್ದರೆ 1974ರ ನಂತರದ್ದೆಂಬುದು ಖಚಿತ. ಅಂಗಡಿಯ ಗಲ್ಲಾದಲ್ಲಿ ಬಾರ್‌ಕೋಡನ್ನು ಮೊದಲ ಬಾರಿಗೆ ಓದಿಸಿದ್ದು ಆ ವರ್ಷದ ಜೂನ್ 26ರಂದು, ಅದೂ ನಿಮ್ಮದೇ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಆಟಿಕೆಗಳ ಪೆಟ್ಟಿಗೆಗಳ ಮೇಲೆ ಅದು ಸಾಮಾನ್ಯವಾಗಲು 1980ರ ದಶಕ ಬರಬೇಕಾಯಿತು. 'ಆಕ್ಯುಪೈಡ್ ಜಪಾನ್' ಎಂಬ ಮುದ್ರೆ ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೇನಾಡಳಿತವಿದ್ದ ಕಾಲದ್ದು, ಅದು 1952ಕ್ಕೆ ಮುಗಿಯಿತು. 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರಿಂದ 1990ರ ಒಳಗಿನದು. ನಕ್ಷತ್ರದಂತೆ ಅಡ್ಡಗೀಟುಗಳಿರುವ ಫಿಲಿಪ್ಸ್ ಸ್ಕ್ರೂಗಳಿಗೆ ಪೇಟೆಂಟ್ ದೊರೆತದ್ದು 1936ರಲ್ಲಿ. ಆದ್ದರಿಂದ 1930ರ ದಶಕದ ಆರಂಭದ ಮಿಕ್ಕಿ ಮೌಸ್ ಆಟಿಕೆಯೆಂದು ಯಾರಾದರೂ ತೋರಿಸಿದರೆ, ಅದರ ತಳವನ್ನು ಬಿಗಿದಿರುವ ಸ್ಕ್ರೂವಿನ ತಲೆಯನ್ನು ಮೊದಲು ನೋಡಿ.

ನೀವು ಒಹಾಯೋದಲ್ಲಿರುವುದು ಈ ವಿಷಯದಲ್ಲಿ ನಿಜವಾದ ಭಾಗ್ಯ, ಏಕೆಂದರೆ ಅಮೆರಿಕದ ಗಾಜಿನ ಉದ್ಯಮದ ಹೃದಯಭಾಗವೇ ನಿಮ್ಮ ರಾಜ್ಯ. ಟೊಲೀಡೋದಲ್ಲಿ ಲಿಬ್ಬಿ, ಲ್ಯಾಂಕಾಸ್ಟರ್‌ನಲ್ಲಿ ಆಂಕರ್ ಹಾಕಿಂಗ್, ಕೊಲಂಬಸ್‌ನಲ್ಲಿ ಫೆಡರಲ್ ಗ್ಲಾಸ್, ಹೀಗೆ ಕಾರ್ಟೂನ್ ಲೋಟಗಳನ್ನು ರಾಶಿ ರಾಶಿಯಾಗಿ ತಯಾರಿಸಿದ ಕಾರ್ಖಾನೆಗಳು ನಿಮ್ಮ ಸುತ್ತಲೇ ಇದ್ದವು. ಇವರ ಮುದ್ರೆಗಳು ಲೋಟದ ತಳದಲ್ಲಿ ಉಬ್ಬಾಗಿ ಕಾಣುತ್ತವೆ: ಲಿಬ್ಬಿಯದು ಕೂಡಕ್ಷರದ ಎಲ್, ಫೆಡರಲ್‌ನದು ಗುರಾಣಿಯೊಳಗಿನ ಎಫ್, ಆಂಕರ್ ಹಾಕಿಂಗ್‌ನದು ಹಡಗಿನ ಲಂಗರು. ಫೆಡರಲ್ ಕಾರ್ಖಾನೆ 1980ರ ವೇಳೆಗೆ ಮುಚ್ಚಿಹೋದ್ದರಿಂದ, ಆ ಗುರಾಣಿ ಕಂಡ ಲೋಟ ಅದಕ್ಕಿಂತ ಹಿಂದಿನದೆಂದು ಕಣ್ಣುಮುಚ್ಚಿ ಹೇಳಬಹುದು. ಪೆಪ್ಸಿ ಕಂಪನಿ 1973ರಲ್ಲಿ ಹೊರತಂದ ಬಗ್ಸ್ ಬನ್ನಿ, ಡ್ಯಾಫಿ ಡಕ್, ಟ್ವೀಟಿ ಮೊದಲಾದ ವಾರ್ನರ್ ಬ್ರದರ್ಸ್ ಪಾತ್ರಗಳ ಎತ್ತರದ ಲೋಟಗಳು ನಿಮ್ಮ ಭಾಗದಲ್ಲಿ ಧಾರಾಳವಾಗಿ ಸಿಗುತ್ತವೆ. ಹೊಸದಾಗಿ ಸಂಗ್ರಹಿಸಲು ಹೊರಟವರಿಗೆ ನಾನು ಮೊದಲು ಹೇಳುವುದು ಈ ಸರಣಿಯನ್ನೇ. ಇದು ಅಗ್ಗ, ಇದರ ಬಗ್ಗೆ ಮಾಹಿತಿ ಸಾಕಷ್ಟಿದೆ, ಇದರ ನಕಲಿ ಮಾಡಿದರೆ ಯಾರಿಗೂ ಲಾಭವಿಲ್ಲ, ಮತ್ತು ಅಕ್ಷರಗಳು ಕಪ್ಪೋ ಬಿಳಿಯೋ ಎಂಬಂಥ ಸಣ್ಣ ವ್ಯತ್ಯಾಸಗಳನ್ನು ಗಮನಿಸುತ್ತ ಹೋದಂತೆ ಕಣ್ಣು ಪಳಗುತ್ತದೆ.

ಒಂದು ವಸ್ತುವನ್ನು ಕೈಗೆತ್ತಿಕೊಂಡಾಗ ಏನೇನು ಮಾಡಬೇಕೆಂಬುದನ್ನು ಆಂಕರ್ ಹಾಕಿಂಗ್‌ನ ಸ್ನೂಪಿ ಮಗ್‌ನ ಮೂಲಕ ಹೇಳುತ್ತೇನೆ. ಅದು ಹಾಲಿನಂತೆ ಬೆಳ್ಳಗಿರುವ ದಪ್ಪ ಗಾಜಿನದು, ದೂರದಿಂದ ಪಿಂಗಾಣಿಯೆಂದೇ ಭ್ರಮೆಯಾಗುತ್ತದೆ. ಬೆಳಕಿಗೆ ಹಿಡಿದರೆ ಅಂಚಿನ ತೆಳುವಾದ ಭಾಗದಲ್ಲಿ ಬೆಳಕು ಹಾದು ಬರುತ್ತದೆ, ಅಲ್ಲಿಗೆ ಗಾಜೆಂಬುದು ತಿಳಿಯಿತು. ಕಣ್ಣುಮುಚ್ಚಿ ಬಾಯಂಚಿನ ಸುತ್ತ ಬೆರಳ ತುದಿಯನ್ನು ಮೆಲ್ಲಗೆ ಆಡಿಸಿ, ಕಣ್ಣಿಗೆ ಕಾಣದ ಮುಕ್ಕು ಬೆರಳಿಗೆ ಸಿಗುತ್ತದೆ. ಹಿಡಿಯು ಮೈಗೆ ಕೂಡುವ ಎರಡು ಜಾಗಗಳಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ, ಬಿಸಿ ಕಾಫಿ ಸುರಿದು ಸುರಿದು ಗಾಜು ಮೊದಲು ಸೋಲುವುದು ಅಲ್ಲಿಯೇ. ಚಿತ್ರದ ಕೆಂಪು ಮತ್ತು ಹಳದಿ ಬಣ್ಣಗಳು ಹೊಳಪು ಕಳೆದುಕೊಂಡು ಸೀಮೆಸುಣ್ಣದಂತೆ ಮಂಕಾಗಿದ್ದರೆ ಅದನ್ನು ವರ್ಷಗಟ್ಟಲೆ ಪಾತ್ರೆ ತೊಳೆಯುವ ಯಂತ್ರದಲ್ಲಿ ಹಾಕಿದ್ದಾರೆಂದು ಅರ್ಥ. ಅಂಥದಕ್ಕೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲ, ಮಂಕಾದ ಬಣ್ಣವನ್ನು ಮರಳಿ ತರುವ ಉಪಾಯವೂ ಇಲ್ಲ. ಕೊನೆಗೆ ತಿರುಗಿಸಿ ತಳ ನೋಡಿ. 'ಫೈರ್-ಕಿಂಗ್' ಎಂದಿದ್ದರೆ ಅದು 1970ರ ದಶಕದ ಮಧ್ಯಭಾಗಕ್ಕಿಂತ ಈಚಿನದಾಗಿರುವುದು ಅಪರೂಪ, ಏಕೆಂದರೆ ಆ ಹೆಸರಿನ ತಯಾರಿಕೆ ಅಲ್ಲಿಗೆ ನಿಂತಿತ್ತು. ಬರೀ ಲಂಗರಿನ ಗುರುತಿದ್ದರೆ ಆಮೇಲಿನದಾಗಿರಬಹುದು. ಇಷ್ಟನ್ನೂ ನೋಡಲು ಅರ್ಧ ನಿಮಿಷ ಸಾಕು. ಅಷ್ಟು ಹೊತ್ತು ವಸ್ತು ನಿಮ್ಮ ಕೈಯಲ್ಲೇ ಇರಲಿ, ಕೆಳಗಿಟ್ಟು ಯೋಚಿಸುವಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಎಲ್ಲಿ ಹುಡುಕಬೇಕೆಂಬ ಪ್ರಶ್ನೆಗೆ ಬರುತ್ತೇನೆ. ಗ್ಯಾರೇಜ್ ಸೇಲ್‌ಗಳಲ್ಲಿ ಎಳೆಯ ಮಕ್ಕಳಿರುವ ಮನೆಗಳಿಗಿಂತ, ಮಕ್ಕಳು ದೊಡ್ಡವರಾಗಿ ಬೇರೆ ಊರಿಗೆ ಹೋಗಿ, ಹಿರಿಯ ದಂಪತಿ ಚಿಕ್ಕ ಮನೆಗೆ ಹೋಗಲು ಸಿದ್ಧರಾಗುತ್ತಿರುವ ಮನೆಗಳನ್ನು ಆರಿಸಿಕೊಳ್ಳಿ. 1960ರಿಂದ 1985ರ ನಡುವೆ ಬೆಳೆದ ಮಕ್ಕಳ ಸಾಮಾನುಗಳು ಈಗ ನೆಲಮಾಳಿಗೆಗಳಿಂದ ಹೊರಬರುತ್ತಿರುವ ಕಾಲ, ಆದ್ದರಿಂದ ನಿಮಗೆ ನಿಜವಾಗಿ ಸಿಗುವ ವಸ್ತುಗಳೂ ಆ ಕಾಲದವೇ. ಮನೆಯವರು ಮೇಜಿನ ಮೇಲೆ ಇಟ್ಟಿರುವುದು ಅವರು ಮಾರಬೇಕೆಂದುಕೊಂಡ ಸಾಮಾನು ಮಾತ್ರ. 'ಮಕ್ಕಳ ಹಳೆಯ ಆಟಿಕೆಗಳೋ, ಬುತ್ತಿ ಡಬ್ಬಿಗಳೋ, ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳೋ ಒಳಗೆ ಇವೆಯೇ?' ಎಂದು ವಿನಯದಿಂದ ಕೇಳಿ. ಎಷ್ಟೋ ಸಲ ಒಳ್ಳೆಯ ವಸ್ತು ಹೊರಬರುವುದು ಈ ಒಂದು ಪ್ರಶ್ನೆಯಿಂದಲೇ. ಆಟಿಕೆಗಳ ಮೇಜಿನಷ್ಟೇ ಗಮನದಿಂದ ಅಡುಗೆಮನೆಯ ಸಾಮಾನು, ಹೊಲಿಗೆಯ ತಗಡಿನ ಡಬ್ಬಿ, ಹಾಸಿಗೆ ಹೊದಿಕೆಗಳ ಕಟ್ಟು, ಚಿಲ್ಲರೆ ಬೊಂಬೆಗಳನ್ನು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನೂ ನೋಡಿ. ಒಂದು ಇಡೀ ಮನೆಯ ಸಾಮಾನನ್ನು ಮಾರುವ ಎಸ್ಟೇಟ್ ಸೇಲ್‌ಗಳು ಇದಕ್ಕಿಂತ ಭಿನ್ನ. ಅಲ್ಲಿ ವೃತ್ತಿಪರರು ಬೆಲೆ ಕಟ್ಟಿರುತ್ತಾರೆ, ಬೆಳಗ್ಗೆಯೇ ಸರತಿಯ ಚೀಟಿ ಪಡೆಯಬೇಕಾಗುತ್ತದೆ, ಕೊನೆಯ ದಿನ ಉಳಿದದ್ದನ್ನು ಸಾಮಾನ್ಯವಾಗಿ ಅರ್ಧ ಬೆಲೆಗೆ ಕೊಡುತ್ತಾರೆ.

ಥ್ರಿಫ್ಟ್ ಸ್ಟೋರ್‌ಗಳ ಲೆಕ್ಕವೇ ಬೇರೆ. 1902ರಲ್ಲಿ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಆರಂಭಿಸಿದ ಗುಡ್‌ವಿಲ್, ಸಾಲ್ವೇಶನ್ ಆರ್ಮಿ, ಸೇಂಟ್ ವಿನ್ಸೆಂಟ್ ಡಿ ಪಾಲ್ ಇವೆಲ್ಲ ದಾನವಾಗಿ ಬಂದ ಸಾಮಾನನ್ನು ದಿನವೂ ಕಪಾಟುಗಳಿಗೆ ತುಂಬುತ್ತವೆ. ಗುಡ್‌ವಿಲ್ 1999ರಿಂದ ತನ್ನದೇ ಆನ್‌ಲೈನ್ ಹರಾಜನ್ನು ನಡೆಸುತ್ತಿರುವುದರಿಂದ, ಬೆಲೆಬಾಳುವಂತೆ ಕಂಡದ್ದು ಅಂಗಡಿಯ ಕಪಾಟಿಗೆ ಬರುವ ಮೊದಲೇ ಬೇರೆಯಾಗಿಬಿಡುತ್ತದೆ. ಆದರೆ ಬೆಲೆ ಕಟ್ಟುವವರಿಗೆ ಕ್ಷಣಾರ್ಧದಲ್ಲಿ ಗುರುತಾಗುವುದು ಮಿಕ್ಕಿ ಮೌಸ್‌ನಂಥ ಪ್ರಸಿದ್ಧ ಪಾತ್ರ ಮಾತ್ರ. ತಳದ ಮುದ್ರೆಯಿಂದಷ್ಟೇ ಬೆಲೆ ಪಡೆಯುವ ಬಿಳಿ ಮಗ್ಗನ್ನು ಅವರು ಉಳಿದ ಮಗ್ಗುಗಳ ನಡುವೆ ಒಂದು ಡಾಲರಿಗೆ ಇಟ್ಟುಬಿಡುತ್ತಾರೆ, ನಿಮ್ಮ ಅವಕಾಶ ಇರುವುದು ಅಲ್ಲಿ. ಅಪರೂಪಕ್ಕೊಮ್ಮೆ ಅರ್ಧ ದಿನ ಕಳೆಯುವುದಕ್ಕಿಂತ, ಕೆಲಸದಿಂದ ಮನೆಗೆ ಮರಳುವ ದಾರಿಯಲ್ಲಿರುವ ಒಂದೇ ಅಂಗಡಿಗೆ ಪದೇ ಪದೇ ಹತ್ತು ನಿಮಿಷ ಹೋಗಿಬರುವುದು ಹೆಚ್ಚು ಫಲ ಕೊಡುತ್ತದೆ, ಕಪಾಟಿನಲ್ಲಿ ಹೊಸದಾಗಿ ಬಂದದ್ದು ಯಾವುದೆಂದು ಕಣ್ಣಿಗೆ ತಾನಾಗಿಯೇ ಹೊಳೆಯತೊಡಗುತ್ತದೆ.

ನಿಮ್ಮ ಭಾಗಕ್ಕೇ ವಿಶೇಷವಾದ ಎರಡು ಸಂಗತಿಗಳಿವೆ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ಗುರುವಾರದಿಂದ ಭಾನುವಾರದವರೆಗೆ ಮಿಶಿಗನ್‌ನಿಂದ ಅಲಬಾಮಾವರೆಗೆ ಸುಮಾರು 690 ಮೈಲಿ ಉದ್ದಕ್ಕೂ ರಸ್ತೆಬದಿಯಲ್ಲಿ ನಡೆಯುವ '127 ಯಾರ್ಡ್ ಸೇಲ್' ಎಂಬ ಮಾರಾಟ ನಿಮ್ಮ ಸಿನ್ಸಿನಾಟಿಯ ಮೂಲಕವೇ ಹಾದುಹೋಗುತ್ತದೆ. 1987ರಲ್ಲಿ ಆರಂಭವಾದ ಈ ಮಾರಾಟದಲ್ಲಿ ಇಡೀ ದಾರಿಯನ್ನು ಸುತ್ತುವ ಹಂಬಲ ಬೇಡ, ಕೆಂಟಕಿಯ ಕಡೆಗೆ ಮೂವತ್ತು ನಲವತ್ತು ಮೈಲಿಯ ಒಂದು ತುಂಡನ್ನು ಆರಿಸಿಕೊಂಡು ನಿಧಾನವಾಗಿ ನೋಡಿ. ಎರಡನೆಯದು, ಕೆನರ್ ಆಟಿಕೆ ಕಂಪನಿ ಇದ್ದದ್ದು ಸಿನ್ಸಿನಾಟಿಯಲ್ಲೇ. ಕ್ಲೀವ್‌ಲ್ಯಾಂಡ್‌ನ ಅಮೆರಿಕನ್ ಗ್ರೀಟಿಂಗ್ಸ್ ಸಂಸ್ಥೆ ಸೃಷ್ಟಿಸಿದ ಸ್ಟ್ರಾಬೆರಿ ಶಾರ್ಟ್‌ಕೇಕ್ ಮತ್ತು ಕೇರ್ ಬೇರ್ಸ್ ಪಾತ್ರಗಳನ್ನು 1980ರ ದಶಕದಲ್ಲಿ ಬೊಂಬೆಗಳಾಗಿ ಮಾಡಿದವರು ಅವರೇ. ಆ ಕಚೇರಿ 2000ದಲ್ಲಿ ಮುಚ್ಚಿತಾದರೂ ಅಲ್ಲಿ ದುಡಿದವರ ಮನೆಗಳು ನಿಮ್ಮ ನೆರೆಹೊರೆಯಲ್ಲೇ ಇವೆ. ಬಣ್ಣ ಹಚ್ಚದ ಮಾದರಿಗಳು, ಅಂಗಡಿಗೆ ಬಾರದ ನಮೂನೆಗಳು ಆ ಪ್ರದೇಶದ ಮನೆ ಮಾರಾಟಗಳಲ್ಲಿ ಹೊರಬಂದದ್ದುಂಟು. ಆದ್ದರಿಂದ ಸಿನ್ಸಿನಾಟಿಯ ಎಸ್ಟೇಟ್ ಸೇಲ್ ಒಂದರಲ್ಲಿ ಒಂದೇ ಬಣ್ಣದ ವಿಚಿತ್ರವಾದ ಬೊಂಬೆ ಕಂಡರೆ ಅರೆಬರೆ ತಯಾರಾದದ್ದೆಂದು ಸರಿಸಿಬಿಡಬೇಡಿ.

ಏನನ್ನು ಬೆನ್ನಟ್ಟಬಾರದೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಹೊಸಬರೆಲ್ಲರ ಕನಸು 1930ರ ದಶಕದ ಮಿಕ್ಕಿ. 1933ರಲ್ಲಿ ಇಂಗರ್‌ಸಾಲ್ ಕಂಪನಿ ಹೊರತಂದ ಮೊದಲ ಮಿಕ್ಕಿ ಕೈಗಡಿಯಾರ, 1934ರಲ್ಲಿ ಲಯನೆಲ್ ಕಂಪನಿ ಮಾಡಿದ ಮಿಕ್ಕಿ ಮತ್ತು ಮಿನ್ನಿಯ ಕೈಬಂಡಿ ಇವು ಚರಿತ್ರೆಯಲ್ಲಿ ಹೆಸರಾದ ವಸ್ತುಗಳು. ಅವು ಗ್ಯಾರೇಜ್ ಸೇಲ್‌ನಲ್ಲಿ ಸಿಗುವುದಿಲ್ಲವೆಂದೇನಿಲ್ಲ, ಆದರೆ ಮಿಕ್ಕಿಯ ಕಪ್ಪು ಕಣ್ಣಿನಲ್ಲಿ ತ್ರಿಕೋನದ ತುಂಡು ಕತ್ತರಿಸಿದಂಥ ಬಿಳಿ ಗುರುತು ಕಂಡೊಡನೆ ಹಳೆಯದೆಂದು ಹಿಗ್ಗುವುದು ತಪ್ಪು. 1980ರ ದಶಕದಿಂದ ಈಚೆಗೆ ಹಳೆಯ ಚಹರೆಯ ಮಿಕ್ಕಿಯನ್ನೇ ಬೇಕೆಂದು ಮರುಸೃಷ್ಟಿಸಿದ ಗಡಿಯಾರ, ತಗಡಿನ ಆಟಿಕೆ, ಬೊಂಬೆಗಳು ಅಸಲಿಗಿಂತ ಎಷ್ಟೋ ಪಟ್ಟು ಹೆಚ್ಚಿವೆ. ಮೊದಲ ಇಂಗರ್‌ಸಾಲ್ ಗಡಿಯಾರದಲ್ಲಿ ಸೆಕೆಂಡು ತೋರಿಸುವ ಪುಟ್ಟ ವೃತ್ತದಲ್ಲಿ ಮೂರು ಚಿಕ್ಕ ಮಿಕ್ಕಿಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಅದನ್ನೂ ಮರುತಯಾರಿಕೆಗಳು ಅನುಕರಿಸಿರುವುದರಿಂದ, ಒಳಗೆ ಬ್ಯಾಟರಿ ಇದೆಯೇ ಕೀಲಿ ಕೊಡುವ ಯಂತ್ರವಿದೆಯೇ ಎಂದು ನೋಡದೆ ಹಣ ಕೊಡಬೇಡಿ.

ತಗಡಿನ ಬುತ್ತಿ ಡಬ್ಬಿಗಳು ನನಗೆ ಅತ್ಯಂತ ಪ್ರಿಯವಾದ ವಿಭಾಗ, ಮತ್ತು ಶ್ರಮಕ್ಕೆ ತಕ್ಕ ಫಲ ಕೊಡುವ ವಿಭಾಗ. ಮಿಕ್ಕಿಯ ಚಿತ್ರವಿದ್ದ ಡಬ್ಬಿಯನ್ನು ಮಿಲ್ವಾಕಿಯ ಕಂಪನಿಯೊಂದು 1935ರಷ್ಟು ಹಿಂದೆಯೇ ತಯಾರಿಸಿತ್ತಾದರೂ, ಈ ಡಬ್ಬಿಗಳ ಸುವರ್ಣಕಾಲ ಶುರುವಾದದ್ದು 1950ರಲ್ಲಿ, ನ್ಯಾಶ್‌ವಿಲ್‌ನ ಅಲಾದಿನ್ ಕಂಪನಿ ಹೋಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರದ ಡಬ್ಬಿಯನ್ನು ಮಾರಿ ಗೆದ್ದ ಮೇಲೆ. ಆ ಯುಗ 1985ರ ರ‍್ಯಾಂಬೋ ಡಬ್ಬಿಯೊಂದಿಗೆ ಮುಗಿಯಿತು, ಆಮೇಲೆ ಪ್ಲಾಸ್ಟಿಕ್ ಬಂತು. ಡಿಸ್ನಿ ಪಾತ್ರಗಳು ಕಿಟಕಿಯಿಂದ ಇಣುಕುವ, ಗುಮ್ಮಟದಂಥ ಮುಚ್ಚಳದ ಸ್ಕೂಲ್ ಬಸ್ ಡಬ್ಬಿ ನೋಡಲು ಅತಿ ಚಂದ, ಆದರೆ ಅದು ಲಕ್ಷಗಟ್ಟಲೆ ಮಾರಾಟವಾದದ್ದು, ಆದ್ದರಿಂದ ಚೆನ್ನಾಗಿ ಉಳಿದದ್ದಕ್ಕೆ ಮಾತ್ರ ಬೆಲೆ. ಅದೇ ಆಕಾರದ 1963ರ ಜೆಟ್‌ಸನ್ಸ್ ಡಬ್ಬಿಗಾಗಿ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ. ಹಳೆಯ ಡಬ್ಬಿಯ ಒಳಗೆ ಥರ್ಮಾಸ್ ಬಾಟಲಿಯನ್ನು ಒತ್ತಿ ಹಿಡಿಯುವ ಬಾಗಿದ ತಂತಿಯೊಂದು ಇರುತ್ತದೆ. ಈಗ ಅಲಂಕಾರಕ್ಕೆಂದು ಮಾರುವ ತೆಳು ತಗಡಿನ ಪುಟ್ಟ ಡಬ್ಬಿಗಳಲ್ಲಿ ಅದು ಇರುವುದಿಲ್ಲ. ಕಂಪನಿಯ ಹೆಸರು ಮತ್ತು ಇಸವಿ ಅನೇಕ ಸಲ ಅಂಚಿನ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿರುತ್ತವೆ. ಒಳಗಿನ ತುಕ್ಕು ಕ್ಷಮ್ಯ, ಹೊರಗಿನ ಚಿತ್ರದಲ್ಲಿ ಪಾತ್ರದ ಮುಖವೇ ಕೆರೆದುಹೋಗಿದ್ದರೆ ಬಿಟ್ಟುಬಿಡಿ. ಥರ್ಮಾಸನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ, ಒಳಗಿನ ಗಾಜು ಒಡೆದಿದ್ದರೆ ಸದ್ದು ಬರುತ್ತದೆ.

ಮಗಳಿಗೆ ತಾನೇ ಹುಡುಕುವ ಸಂತೋಷ ಸಿಗಬೇಕಾದರೆ ಪೆಜ್ ಮಿಠಾಯಿಯ ಕಡ್ಡಿಗಳಿಂದ ಶುರುಮಾಡಿಸಿ. ಒಳಗೆ ಮಿಠಾಯಿ ತುಂಬಿಡುವ, ಪಾತ್ರದ ತಲೆಯುಳ್ಳ ಈ ಪ್ಲಾಸ್ಟಿಕ್ ಕಡ್ಡಿಗಳ ಬುಡದಲ್ಲಿ ನಿಲ್ಲಲು ಅಗಲವಾದ ಪಾದ ಬಂದದ್ದು 1987ರಲ್ಲಿ, ಪಾದವಿಲ್ಲದ್ದು ಅದಕ್ಕಿಂತ ಹಿಂದಿನ ವಿನ್ಯಾಸ. ಪಕ್ಕದಲ್ಲಿ ಉಬ್ಬಿರುವ ಪೇಟೆಂಟ್ ಸಂಖ್ಯೆ 2.6 ಎಂದು ಶುರುವಾದರೆ ಅದು 1952ರ ಪೇಟೆಂಟ್, 3.4 ಎಂದರೆ 1968ರದು, 3.9 ಎಂದರೆ 1976ರದು, 4.9 ಎಂದರೆ 1990ರದು. ತಲೆಯನ್ನು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಸುಲಭವಾದ್ದರಿಂದ ತಲೆ ಮತ್ತು ಕಡ್ಡಿ ಒಂದೇ ಕಾಲದವೆಂದು ತಿಳಿಯಲು ಸ್ವಲ್ಪ ಓದು ಬೇಕು, ಆದರೆ ಮಕ್ಕಳು ಇಂಥ ಲೆಕ್ಕಗಳನ್ನು ನಮಗಿಂತ ಬೇಗ ಕಲಿಯುತ್ತಾರೆ.

ಪಿಂಗಾಣಿಯ ಬಿಸ್ಕತ್ತು ಜಾಡಿಗಳ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಕಲಾವಿದ ಆಂಡಿ ವಾರ್‌ಹಾಲ್ ಸಂಗ್ರಹದ ಜಾಡಿಗಳು 1988ರ ಸದಬೀಸ್ ಹರಾಜಿನಲ್ಲಿ ಎಲ್ಲರ ನಿರೀಕ್ಷೆ ಮೀರಿ ಮಾರಾಟವಾದ ಮೇಲೆ ಇವುಗಳಿಗೆ ಬೇಡಿಕೆ ಏರಿತು, ಬೇಡಿಕೆಯ ಹಿಂದೆಯೇ ನಕಲಿಗಳೂ ಬಂದವು. ನಕಲಿ ಮಾಡುವವರು ಅಸಲಿ ಜಾಡಿಯಿಂದಲೇ ಅಚ್ಚು ತೆಗೆಯುತ್ತಾರೆ. ಜೇಡಿಮಣ್ಣು ಒಣಗುವಾಗ ಮತ್ತು ಆವಿಗೆಯಲ್ಲಿ ಬೇಯುವಾಗ ಕುಗ್ಗುವುದರಿಂದ, ಆ ಅಚ್ಚಿನಿಂದ ಬಂದ ಜಾಡಿ ಅಸಲಿಗಿಂತ ಒಂದಷ್ಟು ಗಿಡ್ಡವಾಗಿಯೇ ಇರುತ್ತದೆ, ಗೆರೆಗಳ ಮೊನಚೂ ಮಾಸಿರುತ್ತದೆ. ಆದ್ದರಿಂದ ಕೈಚೀಲದಲ್ಲಿ ಒಂದು ಅಳತೆ ಟೇಪ್ ಇಟ್ಟುಕೊಳ್ಳಿ, ಸಂಗ್ರಾಹಕರ ಪುಸ್ತಕಗಳಲ್ಲಿ ಕೊಟ್ಟಿರುವ ಎತ್ತರಕ್ಕಿಂತ ಅರ್ಧ ಅಂಗುಲ ಕಡಿಮೆ ಬಂದರೂ ಸಂಶಯಪಡಿ. ತಳದ ಮುದ್ರೆಯನ್ನು ಇಲ್ಲಿ ನಂಬುವಂತಿಲ್ಲ, ಅಚ್ಚಿನ ಜೊತೆ ಅದೂ ನಕಲಾಗಿರುತ್ತದೆ.

ಬೆಲೆಯ ಬಗ್ಗೆ ಒಂದೇ ನಿಯಮ ಸಾಕು. ಇಬೇ ತಾಣದಲ್ಲಿ ಜನ ಕೇಳುತ್ತಿರುವ ಬೆಲೆಯನ್ನು ನೋಡಬೇಡಿ, ಮಾರಾಟವಾಗಿ ಮುಗಿದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆಯನ್ನು ಒತ್ತಿ ನೋಡಿ. ಬೆನ್ನ ಮೇಲೆ ಕಪ್ಪು ವಜ್ರದ ಚಿಹ್ನೆಯಿರುವ ಡಿಸ್ನಿ ವಿಡಿಯೊ ಕ್ಯಾಸೆಟ್‌ಗಳಿಗೆ ಸಾವಿರಾರು ಡಾಲರ್ ಕೇಳುವವರಿದ್ದಾರೆ, ಅದನ್ನು ನಂಬಿ ಸುದ್ದಿ ಹಬ್ಬಿಸಿದವರೂ ಇದ್ದಾರೆ. ಮುಗಿದ ಮಾರಾಟಗಳನ್ನು ತೆರೆದು ನೋಡಿದರೆ ಅದೇ ಕ್ಯಾಸೆಟ್‌ಗಳು ಕೆಲವೇ ಡಾಲರಿಗೆ ಹೋಗಿರುವುದು ಕಾಣುತ್ತದೆ. ಗ್ಯಾರೇಜ್ ಸೇಲ್‌ನಲ್ಲಿ ಒಂದೊಂದಕ್ಕೂ ಚೌಕಾಸಿ ಮಾಡುವುದಕ್ಕಿಂತ ನಾಲ್ಕೈದು ವಸ್ತುಗಳನ್ನು ಒಟ್ಟುಗೂಡಿಸಿ ಒಂದು ಬೆಲೆ ಕೇಳುವುದು ಎರಡೂ ಕಡೆಯವರಿಗೆ ಹಿತ. ಒಂದು ವೇಳೆ ವಯಸ್ಸಾದವರೊಬ್ಬರು ನೂರಾರು ಡಾಲರ್ ಬಾಳುವ ಡಬ್ಬಿಯನ್ನು ತಿಳಿಯದೆ 1 ಡಾಲರಿಗೆ ಇಟ್ಟಿದ್ದರೆ, ಅವರಿಗೆ ಅದನ್ನು ತಿಳಿಸಿ ನ್ಯಾಯವಾದ ಬೆಲೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವ್ಯಾಪಾರಿಗಳಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಆದರೆ ನೀವು ಹೋಗುವುದು ಮಗಳನ್ನು ಜೊತೆಗೆ ಕರೆದುಕೊಂಡು.

ಈಗ ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು: ಮಗಳು ಆ ಮಗ್‌ನಲ್ಲಿ ಹಾಲು ಕುಡಿಯಬಹುದೇ? ಬೇಡ ಎಂಬುದೇ ನನ್ನ ಉತ್ತರ. ಗಾಜಿನ ಮೇಲೆ ಸುಟ್ಟು ಕೂರಿಸುವ ಹಳೆಯ ಬಣ್ಣಗಳಲ್ಲಿ ಸೀಸವನ್ನು ಬಳಸುತ್ತಿದ್ದರು, ಹಳದಿ, ಕಿತ್ತಳೆ ಮತ್ತು ಕೆಂಪು ಛಾಯೆಗಳಿಗೆ ಕ್ಯಾಡ್ಮಿಯಂ ಬಳಸುತ್ತಿದ್ದರು, ಗಾರ್ಫೀಲ್ಡ್‌ನ ಬಣ್ಣವಾದರೋ ಕಿತ್ತಳೆ. ಇದು ಬಹಳ ಹಳೆಯ ವಸ್ತುಗಳ ಸಮಸ್ಯೆ ಮಾತ್ರವೂ ಅಲ್ಲ: ಶ್ರೆಕ್ ಚಿತ್ರವಿದ್ದ ಸುಮಾರು 1 ಕೋಟಿ 20 ಲಕ್ಷ ಲೋಟಗಳನ್ನು ಮೆಕ್‌ಡೊನಾಲ್ಡ್ಸ್ 2010ರಲ್ಲಿ ಹಿಂಪಡೆದದ್ದು ಬಣ್ಣದಲ್ಲಿ ಕ್ಯಾಡ್ಮಿಯಂ ಇದ್ದ ಕಾರಣಕ್ಕೆ. ಅಪಾಯವಿರುವುದು ಒಳಗಿನ ಹಾಲಿಗಿಂತ ಹೆಚ್ಚಾಗಿ ಹೊರಮೈಯ ಬಣ್ಣದಲ್ಲಿ. ಅದು ಸವೆಯುತ್ತ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ, ಬಾಯಂಚಿನವರೆಗೆ ಚಿತ್ರವಿದ್ದರೆ ನೇರವಾಗಿ ತುಟಿಗೇ ತಾಗುತ್ತದೆ. ಮನೆಯಲ್ಲಿ ಮಾಡುವ ಸೀಸದ ಪರೀಕ್ಷೆಯ ಕಡ್ಡಿಗಳು ಕ್ಯಾಡ್ಮಿಯಂ ಅನ್ನು ತೋರಿಸುವುದಿಲ್ಲ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಆದ್ದರಿಂದ ಅದಕ್ಕಿಂತ ಹಿಂದಿನ ಬಣ್ಣದ ತಗಡಿನ ಆಟಿಕೆಗಳನ್ನು ಸಹ ಎಳೆಯ ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ. ಮಗ್ಗನ್ನು ಕಪಾಟಿನಲ್ಲಿಟ್ಟು ನೋಡಿ ಆನಂದಿಸಲಿ, ಮೇಜಿನ ಮೇಲೆ ಪೆನ್ಸಿಲ್ ಇಡಲು ಕೂಡ ನಾನು ಸಲಹೆ ಕೊಡಲಾರೆ, ದಿನವೂ ಕೈ ತಾಗುತ್ತದೆ.

ತೊಳೆಯುವಾಗ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ನಾರಿನಿಂದಲೋ ಪುಡಿಯಿಂದಲೋ ಉಜ್ಜಿದರೆ ಚಿತ್ರವೇ ಹೋಗುತ್ತದೆ. ಗಾಜಿಗೆ ಅಂಟಿಸಿದ ಬೆಲೆಚೀಟಿಯನ್ನು ಕೀಳಬೇಡಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸಿದರೆ ಅಂಟು ಸಡಿಲವಾಗಿ ತಾನೇ ಬರುತ್ತದೆ. ಹಳೆಯ ಪ್ಲಾಸ್ಟಿಕ್ ಬೊಂಬೆಯ ಮೈ ಜಿಗುಟಾಗಿದ್ದರೆ ಅದು ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ದ್ರವ ಹೊರಗೆ ಒಸರುತ್ತಿರುವ ಲಕ್ಷಣ. ಅಂಥದನ್ನು ಬಿಸಿಲಿಗೆ ಇಡಬೇಡಿ, ಬೇರೆ ಬೊಂಬೆಗಳಿಗೆ ತಾಗಿಸಿಯೂ ಇಡಬೇಡಿ.

ಮೈಸೂರಿಗೆ ಒಯ್ಯುವುದಾದರೆ, ಮೇಲೆ ಹೇಳಿದ ಕಾರಣಕ್ಕಾಗಿ, ಮಕ್ಕಳಿಗೆ ಲೋಟಗಳಿಗಿಂತ ಬುತ್ತಿ ಡಬ್ಬಿಯೋ ಪೆಜ್ ಕಡ್ಡಿಗಳೋ ಒಳ್ಳೆಯ ಉಡುಗೊರೆ, ಅವೂ ನೋಡಲು ಮತ್ತು ಕೂಡಿಡಲು ಮಾತ್ರ ಎಂದು ತಂಗಿಗೆ ತಿಳಿಸಿ. ಗಾಜನ್ನೇ ಒಯ್ಯಬೇಕೆಂದಿದ್ದರೆ ಲೋಟದ ಒಳಗೆ ಕಾಲುಚೀಲ ತುಂಬಿ, ಹೊರಗೆ ಮೊದಲು ಬಿಳಿ ಟಿಶ್ಯೂ ಕಾಗದವನ್ನೂ ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ಕನ್ನೂ ಸುತ್ತಿ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಚಿತ್ರಕ್ಕೆ ತಾಗಿ ಬಹುಕಾಲ ಇದ್ದರೆ ಗುರುತು ಉಳಿದುಬಿಡಬಹುದು. ವೃತ್ತಪತ್ರಿಕೆಯ ಶಾಯಿ ಬಿಳಿ ಗಾಜಿಗೆ ಹತ್ತುತ್ತದೆ, ಅದನ್ನು ಬಳಸಬೇಡಿ. ಡಬ್ಬಿಯೊಳಗಿನ ಥರ್ಮಾಸನ್ನು ಹೊರತೆಗೆದು ಬೇರೆಯಾಗಿ ಸುತ್ತಿ ಕೈಸಾಮಾನಿನಲ್ಲಿ ಇಟ್ಟುಕೊಳ್ಳಿ, ಡಬ್ಬಿಯನ್ನು ಬಟ್ಟೆಗಳ ನಡುವೆ ಸೂಟ್‌ಕೇಸಿನ ಮಧ್ಯಭಾಗದಲ್ಲಿಡಿ. ಮೈಸೂರು ತಲುಪಿದ ಮೇಲೆ ಮಳೆಗಾಲದ ತೇವದಲ್ಲಿ ತಗಡು ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಹೊಸ ಶೂ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಡಬ್ಬಿಯೊಳಗೆ ಹಾಕಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಲು ಹೇಳಿ.